ಹೆಪ್ಪು ಯಾರ ಮನೆಯದು?

ರಾತ್ರಿ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ನಮ್ಮ ಮನೆಯಲ್ಲಿ ಇನ್ನೂ ಒಂದು ಕೆಲಸ ಉಳಿಯುತ್ತದೆ. ಸಂಜೆ ಕಾಯಿಸಿಟ್ಟ ಹಾಲು ಅಷ್ಟು ಹೊತ್ತಿಗೆ ಆರಿರುತ್ತದೆ. ಅದರಲ್ಲಿ ಕಿರುಬೆರಳು ಅದ್ದಿ ನೋಡಬೇಕು. ಬೆರಳು ಸುಟ್ಟರೆ ಇನ್ನಷ್ಟು ಕಾಯಬೇಕು. ತಣ್ಣಗಾಗಿದ್ದರೆ ಮತ್ತೆ ಒಲೆಗೆ ಇಡಬೇಕು. ಹಿತವಾಗಿದ್ದರೆ ಹಿಂದಿನ ದಿನದ ಮೊಸರಿನಿಂದ ತೆಗೆದಿಟ್ಟ ಒಂದು ಚಮಚ ಹೆಪ್ಪನ್ನು ಬಿಟ್ಟು, ಒಮ್ಮೆ ಕದಡಿ, ಮುಚ್ಚಿಡಬೇಕು. ಆಮೇಲೆ ಬೆಳಗಿನ ತನಕ ಆ ಪಾತ್ರೆಯನ್ನು ಅಲುಗಿಸಬಾರದು. ಬಾಲ್ಯದಿಂದ ಈ ಕೆಲಸವನ್ನು ನೋಡುತ್ತ ಬಂದ ನಾನು ಅಮ್ಮ ತೀರಿಕೊಂಡ ಮೇಲೆ ಅದನ್ನು ಕೈಯಾರೆ ಮಾಡಲು ಕಲಿತೆ. ಎಪ್ಪತ್ತರ ಹತ್ತಿರದಲ್ಲಿ ಕಲಿತ ವಿದ್ಯೆ ಇದೊಂದೇ.

ಚಿಕ್ಕಂದಿನಲ್ಲಿ ಅಜ್ಜಿಯನ್ನು ಒಂದು ಪ್ರಶ್ನೆ ಕೇಳಿದ್ದೆ. ಇವತ್ತಿನ ಮೊಸರಿಗೆ ನಿನ್ನೆಯ ಹೆಪ್ಪು, ನಿನ್ನೆಯದಕ್ಕೆ ಮೊನ್ನೆಯದು. ಹಾಗಾದರೆ ಎಲ್ಲಕ್ಕೂ ಮೊದಲಿನ ಹೆಪ್ಪು ಎಲ್ಲಿಂದ ಬಂತು? ಅಜ್ಜಿ ಮಜ್ಜಿಗೆ ಕಡೆಯುತ್ತಿದ್ದವರು ಕೈ ನಿಲ್ಲಿಸದೆ, “ನಾನು ಈ ಮನೆಗೆ ಬರುವಾಗ ಇತ್ತು” ಎಂದರು. ಆಗ ಅಷ್ಟು ಉತ್ತರ ನನಗೆ ಸಾಕಾಯಿತು. ಈಗ ಯೋಚಿಸಿದರೆ, ಬದುಕಿನಲ್ಲಿ ನಮಗೆ ಮುಖ್ಯವಾದ ಹೆಚ್ಚಿನ ಸಂಗತಿಗಳ ಬಗ್ಗೆ ನಾವು ಪ್ರಾಮಾಣಿಕವಾಗಿ ಕೊಡಬಹುದಾದ ಉತ್ತರವೂ ಅಷ್ಟೇ ಅನಿಸುತ್ತದೆ. ಆಡುವ ಮಾತು, ನಂಬುವ ದೈವ, ಊರಿನ ಹೆಸರು, ಮನೆಯ ರೀತಿ ರಿವಾಜು, ಎಲ್ಲವೂ ನಾವು ಬರುವಾಗ ಇದ್ದವು. ಹೀಗೆ ಕೈಗೆ ಬಂದ ಜೀವಂತ ವಸ್ತು ನಿಜವಾಗಿ ಯಾರದು? ಅದನ್ನು ಕಾಪಾಡುವುದು ಎಂದರೆ ಏನು ಮಾಡುವುದು? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಪುಸ್ತಕದಿಂದಲ್ಲ, ಒಂದು ಬಟ್ಟಲು ಮೊಸರಿನಿಂದ. ಅದನ್ನು ಹೇಳುವ ಮೊದಲು ಹೆಪ್ಪಿನ ಸ್ವಭಾವವನ್ನು ಸ್ವಲ್ಪ ನೋಡೋಣ.

ಹೆಪ್ಪು ಎನ್ನುವುದು ಕಣ್ಣಿಗೆ ಕಾಣದ ಜೀವಿಗಳ ಸಂಸಾರ. ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ಎಂಬ ವಿದ್ಯಾರ್ಥಿ 1905ರಲ್ಲಿ ಜಿನೀವಾದಲ್ಲಿ ತನ್ನ ನಾಡಿನ ಮೊಸರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಇಂಥ ಒಂದು ಬ್ಯಾಕ್ಟೀರಿಯವನ್ನು ಗುರುತಿಸಿದ. ಈ ಜೀವಿಗಳು ಹಾಲಿನ ಸಕ್ಕರೆಯನ್ನು ತಿಂದು ಹುಳಿಯನ್ನು ಬಿಡುತ್ತವೆ. ಹುಳಿ ಒಂದು ಮಟ್ಟಕ್ಕೆ ಬಂದಾಗ ಹಾಲಿನಲ್ಲಿ ತೇಲಾಡುತ್ತಿದ್ದ ಸಾರಾಂಶವೆಲ್ಲ ಒಂದಕ್ಕೊಂದು ಕೈ ಹಿಡಿದು ಗಟ್ಟಿಯಾಗುತ್ತದೆ. ಈ ಸಂಸಾರಕ್ಕೆ ಬೇಕಾದದ್ದು ಹೆಚ್ಚೇನಿಲ್ಲ. ನಾಲ್ವತ್ತು ಡಿಗ್ರಿಯ ಆಸುಪಾಸಿನ ಬೆಚ್ಚಗೆ, ಶುಚಿಯಾದ ಪಾತ್ರೆ, ತಪ್ಪದೆ ಹೊಸ ಹಾಲು. ಸೆಕೆಗಾಲದಲ್ಲಿ ಬೆಳಗಾಗುವ ಮೊದಲೇ ಹುಳಿ ಏರುತ್ತದೆ, ಆಗ ಹೆಪ್ಪು ಕಡಿಮೆ ಸಾಕು. ಆಟಿಯ ಜಡಿಮಳೆಯಲ್ಲಿ ಹತ್ತು ಗಂಟೆಯಾದರೂ ಕೂರುವುದಿಲ್ಲ. ಆಗ ಹೆಪ್ಪು ತುಸು ಹೆಚ್ಚು ಹಾಕಿ, ಪಾತ್ರೆಗೆ ಬಟ್ಟೆ ಸುತ್ತಿ, ಒಲೆಯ ಬದಿಯಲ್ಲಿಡಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ ಒಂದುಂಟು: ಉಣ್ಣಲು ಮೊಸರು ಬಡಿಸುವ ಮೊದಲು ನಾಳೆಗೆ ಬೇಕಾದ ಚಮಚವನ್ನು ತೆಗೆದಿಡಬೇಕು. ಉಂಡು ಉಳಿದರೆ ತೆಗೆದಿಡುತ್ತೇನೆ ಎನ್ನುವ ಮನೆಯಲ್ಲಿ ಹೆಪ್ಪು ಉಳಿಯುವುದಿಲ್ಲ.

ನಮ್ಮ ಅಜ್ಜಿಗೆ ಹೆಪ್ಪಿನ ಬಗ್ಗೆ ಹೆಮ್ಮೆಯಿತ್ತು. ನಮ್ಮ ಮನೆಯ ಹೆಪ್ಪು ನೂರು ವರ್ಷದ್ದು ಎಂದು ಬಂದವರಿಗೆ ಹೇಳುತ್ತಿದ್ದರು. ಕೇಳಿದವರಿಗೆ ಗೆರಟೆಯಲ್ಲಿ ಹಾಕಿ ಕೊಡುತ್ತಿದ್ದರು. ಆದರೆ ಎರಡು ಕಟ್ಟಳೆಗಳಿದ್ದವು. ಸಂಜೆ ದೀಪ ಹಚ್ಚಿದ ಮೇಲೆ ಹೆಪ್ಪನ್ನು ಕೊಡಬಾರದು, ತರಲೂಬಾರದು; ಮನೆಯ ಲಕ್ಷ್ಮಿ ಆಚೆ ಹೋಗುತ್ತಾಳೆ. ಇದು ಅನೇಕ ಮನೆಗಳಲ್ಲಿ ಇದ್ದ ನಂಬಿಕೆ. ಎರಡನೆಯದು ನಮ್ಮ ಮನೆಯದೇ: ನಾವು ಕೊಡುವವರು, ಇನ್ನೊಬ್ಬರಿಂದ ತೆಗೆದುಕೊಳ್ಳುವವರಲ್ಲ. ಅದರ ಹಿಂದೆ ಜಾತಿಯ ಲೆಕ್ಕಾಚಾರ ಇತ್ತೆಂದು ಬೇರೆ ಹೇಳಬೇಕಾಗಿಲ್ಲ. ಯಾರ ಮನೆಯ ನೀರು ಕುಡಿಯಬಹುದು, ಯಾರ ಮನೆಯದು ಕೂಡದು ಎಂದು ಅಳೆಯುತ್ತಿದ್ದ ಕಾಲದಲ್ಲಿ ಹೆಪ್ಪೂ ಆ ಅಳತೆಗೋಲಿನ ಹೊರಗೆ ಇರಲಿಲ್ಲ.

1979ರಲ್ಲಿ ನಮ್ಮ ಪಕ್ಕದ ಹಿತ್ತಿಲಿನ ಬಾಡಿಗೆ ಮನೆಗೆ ತೆಂಕಲಿಂದ ಒಬ್ಬ ಟೀಚರ್ ವರ್ಗವಾಗಿ ಬಂದರು. ಮಲಯಾಳ ಮಾತ್ರ ಬಲ್ಲವರು. ಮೂರನೆಯ ದಿನ ಬೇಲಿಯ ಹತ್ತಿರ ಬಂದು ಅಮ್ಮನ ಹತ್ತಿರ ಏನೋ ಕೇಳಿದರು. ‘ಉರ’ ಎಂದದ್ದು ಅಮ್ಮನಿಗೆ ಅರ್ಥವಾಗಲಿಲ್ಲ. ಅವರು ಅಂಗೈಯನ್ನು ಬಟ್ಟಲಿನಂತೆ ಮಾಡಿ, ಇನ್ನೊಂದು ಕೈಯಿಂದ ಅದಕ್ಕೆ ಹನಿ ಬಿಟ್ಟಂತೆ ತೋರಿಸಿದರು. ಅಮ್ಮ ನಕ್ಕು ಒಳಗೆ ಹೋಗಿ ಹೆಪ್ಪು ತಂದುಕೊಟ್ಟರು. ನಮ್ಮ ‘ಹೆಪ್ಪು’ ಅವರ ‘ಉರ’. ನಾವು ರಕ್ತ ಹೆಪ್ಪುಗಟ್ಟಿತು, ದುಃಖ ಹೆಪ್ಪುಗಟ್ಟಿತು ಎನ್ನುವ ಹಾಗೆ, ಅವರಲ್ಲಿ ತೆಯ್ಯಂ ಮೈದುಂಬಿ ಕುಣಿಯುವುದಕ್ಕೆ ‘ಉರಞ್ಞು ತುಳ್ಳುಕ’ ಎನ್ನುತ್ತಾರೆ. ತೆಳ್ಳಗೆ ಹರಿಯುತ್ತಿದ್ದದ್ದು ಒಂದು ಗಳಿಗೆಯಲ್ಲಿ ನೆಲೆ ನಿಲ್ಲುವುದನ್ನು ಎರಡು ಭಾಷೆಗಳೂ ಕಂಡಿವೆ. ಒಂದು ನೋವಿನಲ್ಲಿ ಕಂಡಿತು, ಇನ್ನೊಂದು ದೈವದಲ್ಲಿ. ಈ ಸಂಚಿಕೆಯನ್ನು ಮಲಯಾಳದ ಬದಿಯಿಂದ ಓದುವವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಹನ್ನೆರಡು ವರ್ಷ ಕಳೆದು 1991ರ ಆಟಿಯಲ್ಲಿ, ಮಲಯಾಳಿಗಳ ಕರ್ಕಿಡಕದಲ್ಲಿ, ಅಜ್ಜಿ ತೀರಿಕೊಂಡರು. ಮನೆ ತುಂಬ ಜನ. ಅಡುಗೆಮನೆ ಯಾರ ಯಾರ ಕೈಯಲ್ಲೋ ಇತ್ತು. ನಾಲ್ಕೈದು ದಿನ ಕಳೆದು ಅಮ್ಮ ನೋಡುವಾಗ ಹೆಪ್ಪಿನ ಬಟ್ಟಲಲ್ಲಿ ಬೂಷ್ಟು ಹಿಡಿದು ನಸುಗೆಂಪು ಗೆರೆಗಳು ಮೂಡಿದ್ದವು. ಅಂಥದ್ದನ್ನು ಎಂದೂ ಉಳಿಸಿಕೊಳ್ಳಬಾರದು. ಅಮ್ಮ ಅದನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬಂದು, ಅಜ್ಜಿ ಹೋದ ದಿನಕ್ಕಿಂತ ಹೆಚ್ಚು ಅತ್ತರು. ನೂರು ವರ್ಷದ್ದು ತನ್ನ ಕೈಯಲ್ಲಿ ಹೋಯಿತಲ್ಲ ಎಂದು.

ಹದಿಮೂರನೆಯ ದಿನ ಕಳೆದು, ಬಂಧುಗಳು ಹೊರಟುಹೋದ ಸಂಜೆ, ಟೀಚರ್ ಶಾಲೆಯಿಂದ ಬಂದವರು ನೇರ ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಮುಚ್ಚಿದ ಬಟ್ಟಲು. ಅಷ್ಟರಲ್ಲಿ ಅವರಿಗೆ ನಮ್ಮ ಮಾತು ಸ್ವಲ್ಪ ಬರುತ್ತಿತ್ತು. “ಚೇಚೀ, ಇದು ನಿಮ್ಮದೇ” ಎಂದರು. ದೀಪ ಹಚ್ಚಿ ಆಗಿತ್ತು. ದೊಡ್ಡಪ್ಪ ಜಗಲಿಯಲ್ಲಿ ಕೂತಿದ್ದರು. ಅಮ್ಮ ಒಂದು ಗಳಿಗೆ ದೀಪದ ಕಡೆ ನೋಡಿದರು, ದೊಡ್ಡಪ್ಪನ ಕಡೆ ನೋಡಿದರು. ಆಮೇಲೆ ಎರಡೂ ಕೈ ಚಾಚಿ ಬಟ್ಟಲನ್ನು ತೆಗೆದುಕೊಂಡರು. ಒಂದೇ ಸಲಕ್ಕೆ ಎರಡು ಕಟ್ಟಳೆಗಳು ಮುರಿದವು. ಟೀಚರ್ ಹೋದ ಮೇಲೆ ದೊಡ್ಡಪ್ಪ ಕೋಪದಿಂದಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು: “ಅಲ್ಲ ಮಾರಾಯ್ತಿ, ಅದು ಈಗ ನಮ್ಮದೋ, ಅವರದೋ?”

ಅಮ್ಮ ಉತ್ತರ ಕೊಡಲಿಲ್ಲ. ಹಾಲು ಕಾಯಿಸಲು ಒಳಗೆ ಹೋದರು. ಬ್ಯಾಂಕಿನ ಗುಮಾಸ್ತನಾದ ನಾನು ಆ ಪ್ರಶ್ನೆಯನ್ನು ಲೆಕ್ಕ ಮಾಡಿಯೇ ಬಿಡಿಸಬಹುದೆಂದು ಆ ರಾತ್ರಿ ಕೂತೆ. ಒಂದು ಪಾಲು ಹೆಪ್ಪಿಗೆ ನಾಲ್ವತ್ತೊಂಬತ್ತು ಪಾಲು ಹಾಲು ಎಂದಿಟ್ಟುಕೊಳ್ಳೋಣ. ಮೊದಲ ರಾತ್ರಿ ಹಳೆಯ ಮೊಸರು ಐವತ್ತರಲ್ಲಿ ಒಂದು. ಎರಡನೆಯ ರಾತ್ರಿ 2,500ರಲ್ಲಿ ಒಂದು. ಮೂರನೆಯದಕ್ಕೆ 1,25,000ದಲ್ಲಿ ಒಂದು. ಆರನೆಯ ರಾತ್ರಿಗೆ ಅದು 1,562 ಕೋಟಿಯಲ್ಲಿ ಒಂದು ಪಾಲು. ಅಂದರೆ ನಮ್ಮ ಮನೆಯ ಮೊಸರು ಟೀಚರ ಮನೆಯಲ್ಲಿ ಒಂದು ವಾರದ ಮಟ್ಟಿಗೂ ಉಳಿದಿರಲಿಲ್ಲ. ಹನ್ನೆರಡು ವರ್ಷ ಅದು ಉಂಡದ್ದು ಅವರು ಕೊಂಡ ಹಾಲು, ಕೂತದ್ದು ಅವರ ಒಲೆಯ ಬದಿ. ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು, ಅದು ಅವರದು ಎಂದುಕೊಂಡೆ.

ಆದರೆ ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಲೆಕ್ಕದ ಪ್ರಕಾರ ಅಜ್ಜಿಯ ‘ನೂರು ವರ್ಷದ ಹೆಪ್ಪು’ ಎಂದೂ ಒಂದು ವಾರಕ್ಕಿಂತ ಹಳೆಯದಾಗಿರಲಿಲ್ಲ. ನಮ್ಮದೇ ಅಡುಗೆಮನೆಯಲ್ಲಿ ಅದು ದಿನದಿನವೂ ಹೊಸ ಹಾಲಾಗಿ, ಹೊಸ ಜೀವಿಯಾಗಿ ಹುಟ್ಟುತ್ತಿತ್ತು. ಹಳೆಯದಾಗಿ ಮುಂದುವರಿದದ್ದು ವಸ್ತುವಲ್ಲ, ಪ್ರತಿ ರಾತ್ರಿ ಒಬ್ಬಳು ಹೆಂಗಸು ನಿದ್ದೆಗೆ ಮೊದಲು ಹಾಲಿಗೆ ಬೆರಳು ಅದ್ದಿ ನೋಡಿದ ಆ ಕೆಲಸ. ಆ ಕೆಲಸ ನಾಲ್ಕು ದಿನ ತಪ್ಪಿದಾಗ ನೂರು ವರ್ಷಗಳು ಅದನ್ನು ಕಾಪಾಡಲಿಲ್ಲ.

ಈ ವಿಚಾರ ನನ್ನಲ್ಲಿ ಹಾಗೆಯೇ ಮಲಗಿತ್ತು. 2020ರಲ್ಲಿ ಅದನ್ನು ಎಬ್ಬಿಸಿದವಳು ಜರ್ಮನಿಯಲ್ಲಿರುವ ನನ್ನ ತಂಗಿಯ ಮಗಳು. ಕೊರೋನದ ಆ ವಸಂತದಲ್ಲಿ ಅಲ್ಲಿನ ಅಂಗಡಿಗಳಲ್ಲಿ ಯೀಸ್ಟ್ ಸಿಗುತ್ತಿರಲಿಲ್ಲ. ಅವಳು ಒಂದು ಗಾಜಿನ ಭರಣಿಯಲ್ಲಿ ರೈ ಹಿಟ್ಟು, ಅಷ್ಟೇ ತೂಕದ ನೀರು ಕಲಸಿಟ್ಟು ಹುಳಿಹಿಟ್ಟು ಮಾಡತೊಡಗಿದಳು. ಸವರ್‌ಡೋ ಎಂದು ಇಂಗ್ಲಿಷಿನಲ್ಲಿ ಕರೆಯುವ ರೊಟ್ಟಿಯ ಹೆಪ್ಪು ಅದು. ಇಂಥದ್ದು ನಮಗೇನೂ ಹೊಸತಲ್ಲ. ಕೇರಳದ ಕಳ್ಳಪ್ಪ ಉಬ್ಬುವುದು ಕಳ್ಳಿನ ಬಲದಿಂದ. ಗೋವೆಯ ಪಾವಿಗೂ ಹಿಂದೆ ತೆಂಗಿನ ಕಳ್ಳೇ ಹೆಪ್ಪಾಗಿತ್ತು. ನಮ್ಮ ಇಡ್ಲಿ ದೋಸೆಯ ಹಿಟ್ಟು ಉದ್ದಿನೊಂದಿಗೇ ಬಂದ ಜೀವಿಗಳಿಂದ ಹುಳಿಯೇಳುತ್ತದೆ. ರೊಟ್ಟಿಯ ಹುಳಿಹಿಟ್ಟೂ ಹಾಗೆಯೇ. ಯಾರೂ ಕೊಡಬೇಕಾಗಿಲ್ಲ, ಬೇಕಾದ ಜೀವ ಹಿಟ್ಟಿನಲ್ಲೇ ಇರುತ್ತದೆ. ಬೇಕಾದದ್ದು ತಾಳ್ಮೆ. ಎರಡನೆಯ ಮೂರನೆಯ ದಿನ ಅದು ಬುಸುಬುಸು ಉಕ್ಕುತ್ತದೆ, ಆದರೆ ಅದು ಬೇಡದ ಜೀವಿಗಳ ಅಬ್ಬರ. ಆಮೇಲೆ ಎಲ್ಲ ಮಂಕಾಗುತ್ತದೆ. ಸತ್ತಿತೆಂದು ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ಬಿಡದೆ ದಿನವೂ ಹಿಟ್ಟು ನೀರು ಉಣಿಸಿದರೆ ಒಂದೆರಡು ವಾರದಲ್ಲಿ ಹುಳಿ ಮಾಡುವ ಬ್ಯಾಕ್ಟೀರಿಯ, ಉಬ್ಬಿಸುವ ಯೀಸ್ಟ್, ಎರಡೂ ಒಂದು ಸಂಸಾರವಾಗಿ ನೆಲೆಯೂರುತ್ತವೆ. ಉಣಿಸಿದ ಕೆಲವೇ ಗಂಟೆಗಳಲ್ಲಿ ಎರಡು ಪಟ್ಟು ಉಬ್ಬಿದರೆ ಅದು ಆರೋಗ್ಯವಾಗಿದೆ ಎಂದು ಅರ್ಥ. ಮೇಲೆ ಕಪ್ಪು ನೀರು ನಿಂತರೆ ಹಸಿದಿದೆ ಎಂದು ಅರ್ಥ, ಸತ್ತಿಲ್ಲ, ಉಣಿಸಬೇಕು. ಆದರೆ ನಸುಗೆಂಪು ಗೆರೆ ಬಂದರೆ ಪೂರ್ತಿ ಚೆಲ್ಲಬೇಕು.

ಇದನ್ನೆಲ್ಲ ಅವಳು ಫೋನಿನಲ್ಲಿ ಅಮ್ಮನಿಗೆ ವಿವರಿಸುತ್ತಿದ್ದಳು. ಅಮ್ಮನಿಗೆ ಆಗ ಎಂಬತ್ತನಾಲ್ಕು. ಎಲ್ಲವನ್ನೂ ತಲೆಯಾಡಿಸಿ ಕೇಳಿದವರು ಒಂದು ಕಡೆ ತಡೆದರು. “ಪ್ರತಿ ಸಲ ಉಣಿಸುವ ಮೊದಲು ಹಳೆಯದರಲ್ಲಿ ಹೆಚ್ಚಿನಂಶವನ್ನು ತೆಗೆದು ಚೆಲ್ಲುತ್ತೇನೆ ಅಜ್ಜಿ” ಎಂದಾಗ ಅಮ್ಮ, “ಚೆಲ್ಲುವುದಾ? ಅನ್ನವಲ್ಲವಾ ಅದು?” ಎಂದರು. ಅವಳು ಲೆಕ್ಕ ಹೇಳಿದಳು. ಐವತ್ತು ಗ್ರಾಂ ಹುಳಿಹಿಟ್ಟಿಗೆ ಐವತ್ತು ಗ್ರಾಂ ಹಿಟ್ಟು, ಐವತ್ತು ಗ್ರಾಂ ನೀರು. ದಿನಕ್ಕೆ ಮೂರು ಪಟ್ಟು. ಏನನ್ನೂ ತೆಗೆಯದೆ ಹೀಗೆಯೇ ಉಣಿಸುತ್ತ ಹೋದರೆ ಏಳೇ ದಿನದಲ್ಲಿ ಅದು 109 ಕಿಲೋ ಆಗುತ್ತದೆ. ತೆಗೆಯದೆ, ಅಷ್ಟು ಉಣಿಸದೆಯೂ ಇದ್ದರೆ ಹಳೆಯ ಹುಳಿಯೇ ಮಿಕ್ಕಿ ಒಳಗಿನ ಜೀವ ಸೊರಗುತ್ತದೆ. ಎಲ್ಲವನ್ನೂ ಉಳಿಸುತ್ತೇನೆ ಎನ್ನುವವನು ಒಂದೋ ಮುಳುಗುತ್ತಾನೆ, ಇಲ್ಲವೇ ಇದ್ದದ್ದನ್ನೂ ಕಳೆಯುತ್ತಾನೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ತೆಗೆದದ್ದನ್ನು ನೆರೆಮನೆಗೆ ಕೊಡಲಿಕ್ಕಾಗುವುದಿಲ್ಲವಾ ಮಗಾ?” ಎಂದು ಕೇಳಿದರು. ಮರುದಿನ ಅವಳು ಒಂದು ಸಣ್ಣ ಭರಣಿ ತುಂಬಿಸಿ ಮೇಲಿನ ಮಹಡಿಯ ಮುದುಕಿಯ ಬಾಗಿಲ ಬಳಿ ಇಟ್ಟು ಬಂದಳಂತೆ. ಆ ದಿನಗಳಲ್ಲಿ ಬಾಗಿಲು ತಟ್ಟಿ ಮಾತಾಡುವಂತಿರಲಿಲ್ಲ. ಒಂದೇ ಚಮಚ ಹಿಟ್ಟು ಈ ಮನೆಗೆ ಹೆಚ್ಚಾದ ಕಸ, ಆ ಮನೆಗೆ ಮೊದಲ ಹೆಪ್ಪು.

ನೂರು ವರ್ಷದ ಹೆಮ್ಮೆ ನಮ್ಮ ಅಜ್ಜಿಯೊಬ್ಬರದೇ ಅಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೌಡಿನ್ ಎಂಬ ರೊಟ್ಟಿಯಂಗಡಿ ಇದೆ. ತನ್ನ ಹುಳಿಹಿಟ್ಟು 1849ರಿಂದ ನಡೆದುಬಂದದ್ದೆಂದು ಅದು ಹೇಳಿಕೊಳ್ಳುತ್ತದೆ. 1906ರ ಭೂಕಂಪದಲ್ಲಿ ಅದನ್ನು ಒಂದು ಬಕೆಟ್ಟಿನಲ್ಲಿ ಉಳಿಸಿಕೊಂಡ ಕಥೆಯೂ ಇದೆ. ಆ ಊರಿನ ರೊಟ್ಟಿಯ ಹುಳಿ ಆ ಊರಿನ ಗಾಳಿಗೆ, ಮಂಜಿಗೆ ಮಾತ್ರ ಸಾಧ್ಯ ಎಂದು ಜನ ನಂಬಿದ್ದರು. 1971ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅದರಲ್ಲಿನ ಮುಖ್ಯ ಬ್ಯಾಕ್ಟೀರಿಯವನ್ನು ಗುರುತಿಸಿತು. ಅದಕ್ಕೆ ಊರಿನ ಹೆಸರನ್ನೇ ಇಟ್ಟರು. ಆಮೇಲೆ ನೋಡಿದರೆ ಅದೇ ಜೀವಿ ಯೂರೋಪಿನ ಹಲವು ಹುಳಿಹಿಟ್ಟುಗಳಲ್ಲೂ ಸಿಕ್ಕಿತು. 2021ರಲ್ಲಿ ನಾಲ್ಕು ಖಂಡಗಳ ಐನೂರು ಹುಳಿಹಿಟ್ಟುಗಳನ್ನು ಪರೀಕ್ಷಿಸಿದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಹುಳಿಹಿಟ್ಟು ಯಾವ ಊರಿನದು ಎಂಬುದರಿಂದ ಅದರೊಳಗೆ ಯಾವ ಜೀವಿಗಳಿವೆ ಎಂದು ಹೆಚ್ಚೇನೂ ಹೇಳಲಾಗದು ಎಂಬುದು ಅದರಲ್ಲಿ ಕಂಡುಬಂತು. ನಮ್ಮದು ಮಾತ್ರ ಎಂದು ಹೆಸರಿಟ್ಟದ್ದು ಲೋಕದ್ದಾಗಿತ್ತು. ಇದರಿಂದ ಆ ಊರಿನ ರೊಟ್ಟಿಯ ರುಚಿ ಕಡಿಮೆಯಾಗಲಿಲ್ಲ. ಹೆಮ್ಮೆಗೆ ಕಾರಣ ಮಾತ್ರ ಬದಲಾಯಿತು: ಗಾಳಿಯಿಂದ ಬಂದ ಭಾಗ್ಯವೆಂದು ಕೊಂಡಾಡಿದ್ದು ಕೈಯ ಕೆಲಸವೂ ಆಗಿತ್ತು.

ಹೆಪ್ಪನ್ನು ಉಳಿಸುವುದೇ ಧರ್ಮ ಎಂದುಕೊಂಡವರಿಗೆ ಯೆಹೂದಿಗಳ ಒಂದು ಆಚಾರ ವಿಚಿತ್ರವಾಗಿ ಕಾಣಬಹುದು. ಅವರು ವರ್ಷಕ್ಕೊಮ್ಮೆ ಪಾಸೋವರ್ ಹಬ್ಬಕ್ಕೆ ಮೊದಲು ಮನೆಯ ಮೂಲೆಮೂಲೆ ಗುಡಿಸಿ ಉಬ್ಬಿದ ರೊಟ್ಟಿಯ ಚೂರನ್ನೂ, ಹುಳಿಹಿಟ್ಟನ್ನೂ ತೊಲಗಿಸುತ್ತಾರೆ. ಇಸ್ರೇಲಿನಲ್ಲಿ ಏಳು ದಿನ, ಹೊರಗಿನ ಸಂಪ್ರದಾಯಸ್ಥರಲ್ಲಿ ಎಂಟು ದಿನ, ಹುಳಿಯೇಳದ ರೊಟ್ಟಿಯನ್ನೇ ತಿನ್ನುತ್ತಾರೆ. ನಾಡು ನಾಡು ಅಲೆದೂ ತಮ್ಮತನವನ್ನು ಬಿಡದ ಒಂದು ಜನ ವರ್ಷವರ್ಷವೂ ಮನೆಯ ಹೆಪ್ಪನ್ನು ಕೈಯಾರೆ ಬಿಟ್ಟುಕೊಟ್ಟೇ ಅದನ್ನು ಉಳಿಸಿಕೊಂಡಿತು! ಹಬ್ಬ ಮುಗಿದ ರಾತ್ರಿ ಏನು ಮಾಡುವುದು? ಮೊರೊಕ್ಕೋದಲ್ಲಿ ಆ ರಾತ್ರಿಗೆ ಮಿಮೂನಾ ಎಂಬ ಆಚರಣೆ ಬೆಳೆದಿತ್ತು. ನೆರೆಯ ಮುಸ್ಲಿಮರು ಹಿಟ್ಟು, ಹಾಲು, ಬೆಣ್ಣೆ, ಜೇನು, ಜೊತೆಗೆ ಹುಳಿಹಿಟ್ಟನ್ನೂ ಯೆಹೂದಿಗಳ ಮನೆಗೆ ತಂದುಕೊಡುತ್ತಿದ್ದರು. ಇವರು ಬಾಗಿಲು ತೆರೆದಿಟ್ಟು ಸಿಹಿ ಹಂಚುತ್ತಿದ್ದರು. 1948ರ ನಂತರದ ವರ್ಷಗಳಲ್ಲಿ ಮೊರೊಕ್ಕೋದ ಯೆಹೂದಿಗಳಲ್ಲಿ ಬಹುಪಾಲು ಜನ ಆ ನಾಡನ್ನು ಬಿಟ್ಟರು. ಮಿಮೂನಾ ಇಂದಿಗೂ ಇಸ್ರೇಲಿನಲ್ಲಿ ನಡೆಯುತ್ತದೆ. ಆದರೆ ಹಿಟ್ಟು ಹಿಡಿದು ಬರುವ ಆ ಹಳೆಯ ನೆರೆಯವರು ಅಲ್ಲಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ಜಗಲಿಯ ದೀಪ, ಟೀಚರ ಕೈಯ ಬಟ್ಟಲು ನೆನಪಾದವು.

ಇನ್ನು ನಮ್ಮ ವಿಚಾರ. ಇಷ್ಟು ಓದಿದವರು ಇವನು ಕೊನೆಗೆ ಭಾಷೆಗೇ ಬರುತ್ತಾನೆಂದು ಊಹಿಸಿರಬಹುದು. 1956ರ ನವೆಂಬರ್ ಒಂದರಿಂದ ಕಾಸರಗೋಡಿನ ಕನ್ನಡಿಗರಿಗೆ ಯಾವ ಮಾತು ತೆಗೆದರೂ ಕೊನೆಗೆ ಅಲ್ಲಿಗೇ ಬರುವ ಅಭ್ಯಾಸ. ನಾನೂ ಮೂವತ್ತು ವರ್ಷ ಸಭೆಗಳಲ್ಲಿ ಮಾತಾಡಿದವನು. ನಮ್ಮ ಕನ್ನಡ ಎಷ್ಟು ಹಳೆಯದು, ಈ ಮಣ್ಣಿನಲ್ಲಿ ಎಷ್ಟು ಆಳವಾದದ್ದು, ಮಂಜೇಶ್ವರದ ಗೋವಿಂದ ಪೈಗಳು ಯಾರು, ಕಯ್ಯಾರ ಕಿಞ್ಞಣ್ಣ ರೈಗಳು ಯಾರು ಎಂದು ಹೇಳಿದ್ದೇನೆ. ಅದೆಲ್ಲ ನಿಜ. ಆದರೆ ಅದು ‘ನೂರು ವರ್ಷದ ಹೆಪ್ಪು’ ಎಂದ ಅಜ್ಜಿಯ ಮಾತಿನಂಥ ನಿಜ. ನಿನ್ನೆ ರಾತ್ರಿ ಹಾಲು ಹಾಕಿದ್ದೀಯಾ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ನನ್ನ ಮಗ ಎರ್ನಾಕುಳಂನಲ್ಲಿದ್ದಾನೆ. ಅವನ ಮಗನಿಗೆ ಹನ್ನೊಂದು ವರ್ಷ. ಶಾಲೆಯಲ್ಲಿ ಮಲಯಾಳ, ಇಂಗ್ಲಿಷ್. ಮೊದಲು ಭಾನುವಾರಗಳಂದು ಫೋನಿನಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದ. “ಅಜ್ಜ, ನಾನು ನಾಳೆ ಬಂದೆ” ಎನ್ನುತ್ತಿದ್ದ. ನಾನು ಪ್ರತಿ ಸಲ ತಿದ್ದುತ್ತಿದ್ದೆ. “ಬಂದೆ ಅಲ್ಲ, ಬರುತ್ತೇನೆ. ಮತ್ತೊಮ್ಮೆ ಹೇಳು.” ಒಂದು ವರ್ಷದಲ್ಲಿ ಅವನು ಕನ್ನಡದಲ್ಲಿ ಮಾತಾಡುವುದನ್ನೇ ಬಿಟ್ಟ. ‘ಸುಖಮಾಣೋ ಅಜ್ಜಾ’ ಎಂದು ಕೇಳಿ ಫೋನನ್ನು ಅಪ್ಪನಿಗೆ ಕೊಡುತ್ತಿದ್ದ. ಸಭೆಯಲ್ಲಿ ನಾನು ಇದಕ್ಕೆ ಶಾಲೆಯನ್ನು, ಸರಕಾರವನ್ನು, ಕಾಲವನ್ನು ದೂರುತ್ತಿದ್ದೆ. ಕೆಡಬಾರದೆಂದು ಹೆಪ್ಪನ್ನು ಹಾಲಿನಿಂದಲೇ ದೂರ ಇಟ್ಟವನು ನಾನೆಂದು ಹೊಳೆಯಲು ತಡವಾಯಿತು.

ಹೀಗೆಂದ ಮಾತ್ರಕ್ಕೆ ಎಲ್ಲ ಹೊಣೆ ಮನೆಯವರದೇ ಎಂದು ತೀರ್ಮಾನಿಸಿದರೆ ಅದೂ ಅನ್ಯಾಯ. ಹೆಪ್ಪಿನ ಹೋಲಿಕೆಯನ್ನು ನಾವು ಪೂರ್ತಿ ನೋಡಬೇಕು. ಒಂದು ಚಮಚ ಹೆಪ್ಪು ಒಂದು ಕೊಡ ಹಾಲನ್ನು ಸುಖವಾಗಿ ಮೊಸರು ಮಾಡೀತು ಎಂದು ನಂಬುವುದು ಕನಸು. ಹೆಪ್ಪು ತೀರ ಕಡಿಮೆಯಾಗಿ, ಪಾತ್ರೆ ತಣ್ಣಗಿದ್ದರೆ ಹಾಲು ಮೊಸರಾಗುವ ಮೊದಲೇ ಕೆಡುತ್ತದೆ. ಎಷ್ಟು ಉಣಿಸಿದರೂ ಬೆಚ್ಚಗೆ ಬೇಕೇ ಬೇಕು. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ನಮ್ಮ ಜಿಲ್ಲೆಯಲ್ಲಿ ಹಲವು ಸಲ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದಾರೆ. ಅದು ಹಟವಲ್ಲ, ಆರಿದ ಒಲೆಯ ಬದಿಯಲ್ಲಿ ಹಾಲಿಟ್ಟವರ ಕಳವಳ. ಶಾಲೆ, ಕಚೇರಿ, ನ್ಯಾಯಾಲಯದಲ್ಲಿ ನಮ್ಮ ಮಾತಿಗೆ ಸಲ್ಲಬೇಕಾದ ಸ್ಥಾನ ಕೇಳಿ ಪಡೆಯಬೇಕಾದ ಹಕ್ಕು. ಟೀಚರ ಪ್ರೀತಿ ನಮ್ಮ ಹೊಣೆಯನ್ನು ತೀರಿಸುವುದಿಲ್ಲ. ನಮ್ಮ ಹೊಣೆ ಸರಕಾರದ ಹೊಣೆಯನ್ನು ತೀರಿಸುವುದಿಲ್ಲ. ಮೂರೂ ಬೇರೆ ಬೇರೆ ಲೆಕ್ಕಗಳು. ಒಂದರ ಬಾಕಿಯನ್ನು ಇನ್ನೊಂದರ ಪುಟದಲ್ಲಿ ಬರೆಯುವುದು ಗುಮಾಸ್ತನಿಗೂ ಸಲ್ಲದು.

ಹೆಚ್ಚು ಕಷ್ಟದ ಪ್ರಶ್ನೆ ಚೆಲ್ಲುವುದರ ಬಗ್ಗೆ. ಉಣಿಸಬೇಕು ಎಂದರೆ ಎಲ್ಲರೂ ಒಪ್ಪುತ್ತಾರೆ. ತೆಗೆದು ಹಾಕಬೇಕು ಎಂದರೆ ಏನನ್ನು, ಯಾರು ನಿರ್ಧರಿಸುವುದು? ಹಿಟ್ಟಿನಲ್ಲಿ ಇದು ಸುಲಭ. ಯಾವ ಚಮಚ ಉಳಿದರೂ ಒಂದೇ. ಮನುಷ್ಯರ ಬಾಳಿನಲ್ಲಿ ಹಾಗಲ್ಲ. ಅಜ್ಜಿಯ ಎರಡು ಕಟ್ಟಳೆಗಳಲ್ಲಿ ದೀಪದ ಹೊತ್ತಿನದನ್ನು ನಾನು ಇಂದಿಗೂ ತಕ್ಕಮಟ್ಟಿಗೆ ಪಾಲಿಸುತ್ತೇನೆ. ಅದರಿಂದ ಯಾರಿಗೂ ನೋವಿಲ್ಲ, ಅಜ್ಜಿಯ ನೆನಪಿದೆ. ಇನ್ನೊಬ್ಬರಿಂದ ತೆಗೆದುಕೊಳ್ಳುವುದಿಲ್ಲ ಎಂಬ ಎರಡನೆಯದು ಎದುರಿನವರನ್ನು ಕೀಳು ಮಾಡಿಯೇ ನಿಲ್ಲುವಂಥದ್ದು. ಅದು ಹುಳಿ ಮಿಕ್ಕಿದ ಅಂಶ. ಅದನ್ನು ಚೆಲ್ಲದೆ ಉಳಿಸಿಕೊಂಡಿದ್ದರೆ 1991ರ ಆ ಸಂಜೆ ನಮ್ಮ ಮನೆಗೆ ಹೆಪ್ಪೇ ಬರುತ್ತಿರಲಿಲ್ಲ. ನನಗೆ ತೋಚಿದ ಅಳತೆ ಇದೊಂದೇ: ಯಾವ ಸಂಪ್ರದಾಯ ಇನ್ನೊಬ್ಬರ ಕೈಯನ್ನು ತಳ್ಳಿ ಮಾತ್ರ ಬದುಕುತ್ತದೋ ಅದನ್ನು ಮೊದಲು ತೆಗೆಯಬೇಕು. ಇದು ಸಾಕಾದ ಅಳತೆಯೆಂದು ಹೇಳಲಾರೆ. ಹೆಚ್ಚು ತಿಳಿದವರು ತಿದ್ದಲಿ.

ಇನ್ನು ದೊಡ್ಡಪ್ಪನ ಪ್ರಶ್ನೆ. ಅವರೂ ಈಗಿಲ್ಲ, ಟೀಚರ್ ನಿವೃತ್ತರಾಗಿ ತಮ್ಮ ಊರಿಗೆ ಹೋಗಿ ಬಹಳ ಕಾಲವಾಯಿತು. ಹೋಗುವಾಗ ಒಂದು ಸ್ಟೀಲ್ ಡಬ್ಬಿಯಲ್ಲಿ ಹೆಪ್ಪನ್ನು ಕೊಂಡುಹೋದರು. ಅದು ನಮ್ಮದೋ ಅವರದೋ ಎಂದು ದೊಡ್ಡಪ್ಪ ಕೇಳಿದಾಗ ಅಮ್ಮ ಹಾಲು ಕಾಯಿಸಲು ಹೋದದ್ದನ್ನು ನಾನು ಆಗ ಉತ್ತರ ತಪ್ಪಿಸಿದ್ದೆಂದು ತಿಳಿದಿದ್ದೆ. ಅದೇ ಉತ್ತರವಾಗಿತ್ತು. ಇವತ್ತು ರಾತ್ರಿ ಹಾಲು ಕಾಯಿಸಿದವರದು ಅದು, ಒಂದು ದಿನದ ಮಟ್ಟಿಗೆ. ನಾಳೆ ಮತ್ತೆ ಗಳಿಸಿಕೊಳ್ಳಬೇಕು. ಕೊಟ್ಟವರ ಋಣವೋ, ಅದು ಹೆಪ್ಪನ್ನು ಹಿಂದೆ ಕೊಟ್ಟರೆ ತೀರುವುದಿಲ್ಲ; ಮುಂದಿನವರಿಗೆ ಕೊಟ್ಟರೆ ಮಾತ್ರ ತೀರುತ್ತದೆ.

ಕಳೆದ ಓಣಂ ರಜೆಯಲ್ಲಿ ಮೊಮ್ಮಗ ಬಂದಿದ್ದ. ರಾತ್ರಿ ನಾನು ಹಾಲಿನ ಪಾತ್ರೆಯ ಮುಂದೆ ನಿಂತಾಗ ಬಂದು, ತಾನು ಹಾಕುತ್ತೇನೆ ಎಂಬಂತೆ ಕೈ ಚಾಚಿದ. ಬೆರಳು ಅದ್ದಿ ನೋಡುವುದನ್ನು ತೋರಿಸಿಕೊಟ್ಟೆ. ಮೊದಲ ಸಲ ಸುಟ್ಟಿತು, ಕಾದೆವು. ಎರಡನೆಯ ಸಲ ಅವನೇ ತಲೆಯಾಡಿಸಿ ಚಮಚವನ್ನು ಬಿಟ್ಟು ಕದಡಿದ. “ಅಜ್ಜಾ, ಉರ ಒಳಿಚ್ಚು” ಎಂದ. ತಿದ್ದುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಾನು, “ಹೆಪ್ಪು ಹಾಕಿದೆಯಾ? ಇನ್ನು ಅಲುಗಿಸಬೇಡ” ಎಂದಷ್ಟೇ ಹೇಳಿ ದೀಪ ಆರಿಸಿದೆ. ಬೆಳಗ್ಗೆ ನನಗಿಂತ ಮೊದಲು ಎದ್ದು ಅವನು ಮುಚ್ಚಳ ತೆಗೆದು ನೋಡಿದ. ಮಳೆಯ ಚಳಿಗೆ ಮೊಸರು ಇನ್ನೂ ಪೂರ್ತಿ ಕೂತಿರಲಿಲ್ಲ. “ಹೆಪ್ಪು... ಆಗಲಿಲ್ಲ ಅಜ್ಜ” ಎಂದ. “ಇನ್ನೊಂದು ಗಂಟೆ ಇರಲಿ” ಎಂದು ನಾನು ಪಾತ್ರೆಗೆ ಬಟ್ಟೆ ಸುತ್ತಿದೆ.